ವಿಘ್ನೇಶ್ವರ ಮಾಸ್ತರು ಆಯಿ ಆದದ್ದು

ಸಿದ್ದಾಪುರದಲ್ಲಿ ನಡೆದ ಆ ಐದು ದಿನದ ತರಬೇತಿಗೆ ವಿಘ್ನೇಶ್ವರ ಮಾಸ್ತರು ಹೋಗದೇ ಇದ್ದಿದ್ದರೆ, ಅಥವಾ ಹೋದವರು ಉಳಿದ ಮಾಸ್ತರುಗಳ ಹಾಗೆ ಹಿಂದಿನ ಬೆಂಚಿನಲ್ಲಿ ತೂಕಡಿಸಿ, ಊಟ ಮುಗಿಸಿ, ಸಹಿ ಹಾಕಿ ಬಂದಿದ್ದರೆ, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಮಾಸ್ತರು ಮೊದಲ ಬೆಂಚಿನಲ್ಲಿ ಕೂತರು. ಕೂತದ್ದು ಸಾಲದೆಂಬಂತೆ ಕಿವಿಗೊಟ್ಟು ಕೇಳಿದರು. ಅನಾಹುತ ಅಲ್ಲಿಂದ ಶುರು.

ಅದು ಎರಡು ಸಾವಿರದ ಏಳನೇ ಇಸವಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಕಲಿಸಬೇಕು ಎಂದು ಆದೇಶ ಬಂದ ವರ್ಷ. ಇಪ್ಪತ್ತೆರಡು ವರ್ಷ ಅ ಆ ಇ ಈ ತಿದ್ದಿಸಿ ಕೈ ಬೆರಳಿಗೆಲ್ಲ ಸೀಮೆಸುಣ್ಣ ಅಂಟಿಸಿಕೊಂಡಿದ್ದ ಮನುಷ್ಯನನ್ನು ಎಬ್ಬಿಸಿ, ‘ನಾಳೆಯಿಂದ ಇಂಗ್ಲಿಷ್’ ಎಂದರೆ ಅವನಾದರೂ ಏನು ಮಾಡಬೇಕು? ತರಬೇತಿ ಕೊಡಲು ಬಂದಿದ್ದವರು ಪರಿಮಳಾ ಮೇಡಂ. ಮೈಸೂರಿನ ಕಡೆಯವರು, ಈ ಸೀಮೆಗೆ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳು. ಅವರು ಐದು ದಿನವೂ ಎರಡೇ ಮಾತು ಹೇಳಿದರು.

ಮೊದಲನೆಯದು: “ಮಕ್ಕಳಿಗೆ ಕನ್ನಡದಲ್ಲಿ ಅರ್ಥ ಹೇಳಲೇಬೇಡಿ. ಮಾಡಿ ತೋರಿಸಿ, ಮುಟ್ಟಿ ತೋರಿಸಿ. ಮಗು ತಾಯಿಯಿಂದ ಮಾತು ಕಲಿಯೋ ಹಾಗೆ ನಿಮ್ಮಿಂದ ಕಲೀಬೇಕು. ಇಂಗ್ಲಿಷ್ ಕ್ಲಾಸಿನಲ್ಲಿ ನೀವೇ ತಾಯಿ.”

ಎರಡನೆಯದು: “ಉಚ್ಚಾರ! ಐ ಅಂತ ಮೊಟಕು ಮಾಡ್ಬೇಡಿ. ಬಾಯಿ ಪೂರ್ತಿ ತೆಗೀರಿ. ಆ...ಯ್. ಎಲ್ಲಿ, ಹೇಳಿ?”

ಎಲ್ಲರೂ ಹೇಳಿದರು, ಮನೆಗೆ ಹೋಗಿ ಮರೆತರು. ವಿಘ್ನೇಶ್ವರ ಮಾಸ್ತರು ಮಾತ್ರ ಮರೆಯಲಿಲ್ಲ. ಇಷ್ಟು ವರ್ಷ ತಾನು ಐ ಐ ಎನ್ನುತ್ತ ಮಾನ ಕಳೆದುಕೊಂಡೆನಲ್ಲ ಎಂದು ಅವರಿಗೆ ನಿಜವಾಗಿ ದುಃಖವಾಯಿತು. ಸರ್ಕಾರ ಕೊಟ್ಟ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಂಗನ ಮುಖವಾಡ, ಆನೆಯ ಮುಖವಾಡ, ಎರಡು ಕೈಗೊಂಬೆ, ಒಂದು ಕಟ್ಟು ಚಿತ್ರದ ಕಾರ್ಡು, ಹಾಡಿನ ಒಂದು ಕ್ಯಾಸೆಟ್ಟು (ಟೇಪ್ ರಿಕಾರ್ಡರ್ ಕೊಟ್ಟಿರಲಿಲ್ಲ) ಎಲ್ಲ ಇವೆಯೇ ಎಂದು ನೋಡಿಕೊಂಡು, ಬಸ್ಸಿನಲ್ಲಿ ಅಭ್ಯಾಸ ಶುರುಮಾಡಿದರು. “ಆ...ಯ್. ಆ...ಯ್.”

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಅವರ ತೊಡೆ ತಟ್ಟಿ, “ಎಂತಾತು ಮಾಸ್ತರೇ? ಆಯಿಗೆ ಆರಾಮಿಲ್ಲೆನ?” ಎಂದು ಕೇಳಿದರು.

ಈ ಸೀಮೆಯ ಹವ್ಯಕರ ಮನೆಗಳಲ್ಲಿ ತಾಯಿಗೆ ‘ಆಯಿ’ ಎನ್ನುತ್ತಾರೆ. ಮಾಸ್ತರೂ ಹವ್ಯಕರೇ. ನಲವತ್ತಾರು ವರ್ಷ ಮನೆಯಲ್ಲಿ ಆಯಿ, ಆಯಿ ಎಂದೇ ಕೂಗಿದವರು. ಹೀಗಿದ್ದೂ ಆ ಹಿರಿಯರ ಮಾತು ಅವರ ತಲೆಗೆ ಹೋಗಲಿಲ್ಲ ಎಂದರೆ ಏನು ಹೇಳುವುದು? ಇಂಗ್ಲಿಷ್ ಆಡುವಾಗ ಅವರ ಕನ್ನಡದ ಕಿವಿ ಮುಚ್ಚಿಹೋಗುತ್ತಿತ್ತು. “ಆಯಿ ಗಟ್ಟಿ ಇದ್ದು” ಎಂದು ಉತ್ತರ ಕೊಟ್ಟು, ಕಿಟಕಿಯ ಕಡೆ ತಿರುಗಿ ಮತ್ತೆ “ಆ...ಯ್” ಎಂದರು. ದೇವರೇ ಪಕ್ಕದ ಸೀಟಿನಲ್ಲಿ ಬಂದು ಕೂತು ಎಚ್ಚರಿಸಿದರೂ ಕೇಳದವರಿಗೆ ಯಾರೂ ಏನೂ ಮಾಡಲಾಗುವುದಿಲ್ಲ.

ಕಾನಸೂರಿನಿಂದ ಮೂರು ಮೈಲಿ ಒಳಗಿರುವ ಸಂಪಿಗೆಜಡ್ಡಿಯ ಶಾಲೆ ಮಾಸ್ತರದ್ದು. ಐದು ಕ್ಲಾಸು, ಇಬ್ಬರು ಶಿಕ್ಷಕರು. ಹೆಡ್ ಮಿಸ್ಟ್ರೆಸ್ ಗುರುಶಾಂತವ್ವ ಅಕ್ಕೋರು ಹಾನಗಲ್ ಕಡೆಯವರು. ಅಡಿಗೆಗೆ ಹೊನ್ನಿ. ಒಂದನೇ ಕ್ಲಾಸಿನಲ್ಲಿ ಆ ವರ್ಷ ಆರು ಮಕ್ಕಳು. ಆರೇ ಆರು. ಆ ಆರರಲ್ಲಿ ನಾಲ್ಕು ಮಕ್ಕಳು ಒಂದು ಕಾಲನ್ನು ಆಗಲೇ ವ್ಯಾನಿನೊಳಗೆ ಇಟ್ಟಿದ್ದರು.

ವ್ಯಾನು ಎಂದರೆ ಶಿರಸಿಯ ಇಂಗ್ಲಿಷ್ ಮೀಡಿಯಂ ಶಾಲೆಯ ಬಿಳಿ ಓಮ್ನಿ. ದಿನಾ ಬೆಳಿಗ್ಗೆ ಎಂಟೂವರೆಗೆ ಊರ ತಿರುವಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಅದರ ಹಾರನ್ ಕೇಳಿದಾಗೆಲ್ಲ ಮಾಸ್ತರು ಬೆರಳು ಮಡಚಿ ಮಕ್ಕಳನ್ನು ಎಣಿಸುತ್ತಿದ್ದರು. ಆ ನಾಲ್ಕು ಮಕ್ಕಳು ಹೋದರೆ ಒಂದನೇ ಕ್ಲಾಸು ಖಾಲಿಯಾದ ಲೆಕ್ಕ. ಶಾಲೆಗೆ ಒಬ್ಬ ಶಿಕ್ಷಕ ಹೆಚ್ಚು. ಹೆಚ್ಚಾದ ಶಿಕ್ಷಕನನ್ನು ಜೋಯಿಡಾದ ಕಾಡಿಗೆ ಕಳಿಸುತ್ತಾರೆ, ಆ ಶಿಕ್ಷಕ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೋಸ್ಕರ ಎರಡು ಸಲ ಬಡ್ತಿ ಬೇಡವೆಂದವರು ಮಾಸ್ತರು.

ಹೋಗುವುದು ಬಿಡುವುದು ಎಲ್ಲ ಜಯಾಳ ಕೈಯಲ್ಲಿತ್ತು. ಊರ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ. ಅವಳು ಯಾವ ಅಂಗಡಿಯ ಸೋಪು ಚೊಲೋ ಎಂದಳೋ ಇಡೀ ಕೇರಿ ಅದೇ ಸೋಪಿನಲ್ಲಿ ಮೀಯುತ್ತಿತ್ತು. ಅವಳ ಮಗ ಚಿರಂತನ ವ್ಯಾನು ಹತ್ತಿದರೆ ಸ್ಫೂರ್ತಿ, ಅಭಿಜ್ಞಾ, ಪ್ರಥಮ ಮೂವರೂ ಹತ್ತುವವರೇ. ಮಾಸ್ತರು ತರಬೇತಿ ಮುಗಿಸಿ ಬಂದ ಮಾರನೇ ದಿನ ಅವಳು ಶಾಲೆಗೆ ಬಂದಳು.

“ಮಾಸ್ತರೇ, ನಿಂಗಳ ಮೇಲೆ ಎಂಗೆ ಸಿಟ್ಟಿಲ್ಲೆ. ಆದ್ರೆ ಮಾಣಿ ಇಂಗ್ಲೀಷು ಮಾತಾಡವು. ಬಾಯಿಪಾಠ ಅಲ್ದ, ಸ್ವಂತ ಬುದ್ಧಿಯಿಂದ. ಜುಲೈ ಮುಗಿಯದ್ರೊಳಗೆ ಒಂದೇ ಒಂದು ವಾಕ್ಯ ತಾನಾಗಿ ಮಾತಾಡ್ದ ಹೇಳಿ ಆದ್ರೆ ಇಲ್ಲೇ ಇರ್ತ. ಇಲ್ಲೆ ಹೇಳಿ ಆದ್ರೆ ಮೂವತ್ತನೇ ತಾರೀಖು ಸೋಮವಾರ ವ್ಯಾನು ಹತ್ತಸ್ತೆ. ಅಲ್ಲಿ ಅಡ್ಮಿಷನ್ನು ಅಂದಿಗೆ ಬಂದ್ ಅಡ.”

“ಒಂದು ವಾಕ್ಯ ಎಂತಕ್ಕೆ ತಂಗಿ? ನೂರು ವಾಕ್ಯ ಮಾತಾಡ್ತ!” ಎಂದರು ಮಾಸ್ತರು. ಚೀಲದಲ್ಲಿ ಮಂಗನ ಮುಖವಾಡ ಇದ್ದ ಧೈರ್ಯ ಅದು.

ಮೊದಲ ಪಾಠ. ಆರು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದವು. ಮಾಸ್ತರು ಒಂದೇ ಒಂದು ಕನ್ನಡ ಶಬ್ದ ಆಡದೆ ಒಳಗೆ ಬಂದರು, ಮಕ್ಕಳಿಗೆ ಅಲ್ಲಿಯೇ ಅರ್ಧ ಹೆದರಿಕೆಯಾಯಿತು. ಬಂದವರು ಎದೆಯನ್ನು ದಬದಬ ಬಡಿದುಕೊಂಡು, ಬಾಯಿ ಪೂರ್ತಿ ತೆರೆದು, “ಆ...ಯ್!” ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡವು.

“ಆ...ಯ್!” ಮತ್ತೆ ಎದೆಗೆ ಗುದ್ದು.

ಚಿರಂತನ ಎದ್ದು ನಿಂತ. “ಅಲ್ದ. ಎನ್ನ ಆಯಿ ಮನೆಲ್ಲಿದ್ದು.”

“ನೋ ಕನ್ನಡ!” ಎಂದು ಮಾಸ್ತರು ತುಟಿಗೆ ಬೆರಳಿಟ್ಟರು. ಮೂರನೇ ಸಲ ಎದೆ ತೋರಿಸಿದರು. “ಆ...ಯ್!”

ಆರು ವರ್ಷದ ಮಕ್ಕಳೆಂದರೆ ದಡ್ಡರಲ್ಲ. ದೊಡ್ಡ ಮನುಷ್ಯನೊಬ್ಬ ಇಷ್ಟು ಎದೆ ಬಡಿದುಕೊಂಡು ತಾನು ಆಯಿ ಎನ್ನುತ್ತಿದ್ದಾನೆ ಎಂದರೆ ಅದಕ್ಕೆ ಏನೋ ಕಾರಣ ಇರಲೇಬೇಕು. ಬಿಡುವಿನಲ್ಲಿ ನೆಲ್ಲಿಮರದ ಕೆಳಗೆ ಚರ್ಚೆ ನಡೆಯಿತು. ಸ್ಫೂರ್ತಿ ತೀರ್ಪು ಕೊಟ್ಟಳು: “ಮನೆಲ್ಲಿ ಇಪ್ಪದು ಕನ್ನಡದ ಆಯಿ. ಇಂವ ಇಂಗ್ಲೀಷಿನ ಆಯಿ.” ಹೊನ್ನಿಯ ಮಗಳು ತನುಜಾಳ ಮನೆಯಲ್ಲಿ ತಾಯಿಗೆ ಅಮ್ಮ ಎನ್ನುವುದು ರೂಢಿ. ಅವಳಿಗೆ ಆಯಿ, ಆಯ್ ಎರಡೂ ಹೊಸದು. “ಮಾಸ್ತರಿಗೆ ಇಂಗ್ಲೀಷಲ್ಲಿ ಹಂಗೇ ಕರೀಬೇಕು ಕಾಣ್ತದೆ” ಎಂದು ಅವಳೂ ಒಪ್ಪಿದಳು.

ಅಂದಿನಿಂದ ಒಂದನೇ ಕ್ಲಾಸಿನ ಮಕ್ಕಳು ಮಾಸ್ತರನ್ನು ಆಯಿ ಎಂದೇ ಕರೆಯತೊಡಗಿದವು. “ಆಯಿ, ಒಂದಕ್ಕೆ ಹೋಗ್ಲಾ?” “ಆಯಿ, ಪ್ರಥಮ ಎನ್ನ ರಬ್ಬರ್ ತಗಂಡ.” “ಆಯಿ, ಗಂಟೆ ಹೊಡೀರಿ.”

ಮಾಸ್ತರಿಗೆ ಕಣ್ಣಲ್ಲಿ ನೀರು ಬಂತು. ಆನಂದಕ್ಕೆ. “ಅಕ್ಕೋರೇ, ಕೇಳಿದ್ರಾ?” ಎಂದು ಗುರುಶಾಂತವ್ವನವರ ಕೋಣೆಗೆ ಓಡಿದರು. “ಮಕ್ಕಳು ಪ್ರತಿ ವಾಕ್ಯವನ್ನೂ ಆಯ್ ಅಂತಲೇ ಶುರು ಮಾಡ್ತಾ ಇದ್ದಾರೆ! ಮುಂದಿನದು ಇನ್ನೂ ಕನ್ನಡ. ಆದರೆ ಕರ್ತೃಪದ ಬಂದುಬಿಟ್ಟಿದೆ. ಕ್ರಿಯಾಪದ ಬರೋದು ಎಷ್ಟು ಹೊತ್ತು?”

ಗುರುಶಾಂತವ್ವ ಹಾಜರಿ ಪುಸ್ತಕದಿಂದ ತಲೆ ಎತ್ತಿದರು. “ಸರ, ನಾ ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಆಯಿ ಅಂದ್ರ ಅಜ್ಜಿ. ಆ ಹುಡುಗರು ನಿಮ್ಮನ್ನ ಅಜ್ಜಿ ಅಜ್ಜಿ ಅಂತ ಯಾಕ ಕರಿಯಾಕತ್ತಾವ?”

“ಇದು ಇಂಗ್ಲಿಷ್, ಅಕ್ಕೋರೇ,” ಎಂದರು ಮಾಸ್ತರು, ಸ್ವಲ್ಪ ಮರುಕದಿಂದ.

ಎರಡು ಎಚ್ಚರಿಕೆ ಆಯಿತು. ಮೂರನೆಯದು ಮನೆಯಲ್ಲಿ. ಮಾಸ್ತರ ಹೆಂಡತಿ ಲಕ್ಷ್ಮಿ ಹೊನ್ನಿಯ ಹತ್ತಿರ ಸುದ್ದಿ ಕೇಳಿಕೊಂಡು ಬಂದಿದ್ದಳು. ಸಂಜೆ ಚಹಾ ಕೊಡುತ್ತ, “ಶಾಲೆಲ್ಲಿ ಮಕ್ಕ ನಿಂಗಳಿಗೆ ಆಯಿ ಹೇಳ್ತ್ವಡ. ನಿಂಗ ಆಯಿ ಆದ್ರೆ ಆನೆಂತು, ಅಪ್ಪಯ್ಯನಾ?” ಎಂದು ಕೇಳಿದಳು. ಮಾಸ್ತರು ಲೋಟ ಕೆಳಗಿಟ್ಟು, ಇಂಗ್ಲಿಷಿನ ಬಗ್ಗೆ ಗೊತ್ತಿಲ್ಲದವರು ಮಾತಾಡಬಾರದು ಎಂದರು. ಅವಳು ಅವತ್ತು ಎರಡನೇ ಲೋಟ ಚಹಾ ಕೊಡಲಿಲ್ಲ.

ಮುಂದಿನ ವಾರ ಮುಖವಾಡದ ಪಾಠ. ಮಂಗನ ಮುಖವಾಡ ಹಾಕಿಕೊಂಡು, ಹಲ್ಲು ಕಿರಿದು, ಪಕ್ಕೆ ಕೆರೆದುಕೊಂಡು, “ಆಯ್ ಆಮ್ ಎ ಮಂಕಿ” ಎನ್ನಬೇಕು. ಮಾಸ್ತರು ಕುರ್ಚಿಯ ಮೇಲೆ ಹತ್ತಿ ಕುಣಿದು ತೋರಿಸಿದರು. ಮಕ್ಕಳು ನಕ್ಕೂ ನಕ್ಕೂ ಚಾಪೆಯ ಮೇಲೆ ಹೊರಳಾಡಿದವು. ಮನೆಯಲ್ಲೂ ಹೇಳಿ ತೋರಿಸಿ ಎಂದು ಮುಖವಾಡವನ್ನು ಸರದಿಯ ಮೇಲೆ ಮನೆಗೆ ಕಳಿಸುವ ವ್ಯವಸ್ಥೆಯಾಯಿತು. ಮೊದಲ ಸರದಿ ಚಿರಂತನನದು.

ಅವನು ಮನೆಗೆ ಹೋದವನೇ ಜಗಲಿಯಲ್ಲಿ ಅಜ್ಜಿ ಮತ್ತು ಆಯಿ ಇಬ್ಬರನ್ನೂ ಕೂರಿಸಿ, ಮುಖವಾಡ ಕಟ್ಟಿಕೊಂಡು ಗಟ್ಟಿಯಾಗಿ ಹೇಳಿದ: “ಆಯಿ ಆಮ್ ಎ ಮಂಕಿ!”

ಘಟ್ಟದ ಕೆಳಗೆ ಹೊನ್ನಾವರದ ಹತ್ತಿರ ಮಂಕಿ ಎಂದೊಂದು ಊರಿದೆ. ಜಯಾಳ ಅತ್ತೆ ಮಡಚುತ್ತಿದ್ದ ವೀಳ್ಯದೆಲೆಯನ್ನು ಹಾಗೇ ಹಿಡಿದು, “ಅಲ್ದ ತಮಾ. ನಿನ್ನ ಆಯಿ ಮಂಕಿದಲ್ದ, ವಜ್ರಳ್ಳಿದು” ಎಂದು ತಿದ್ದಿದಳು.

“ಅತ್ತೇ, ಅದು ಊರಲ್ದ. ಮಂಕಿ ಹೇಳಿದ್ರೆ ಮಂಗ,” ಎಂದಳು ಜಯಾ. ಹೇಳಿದ ಮೇಲೆ ಅವಳಿಗೇ ವಾಕ್ಯ ಪೂರ್ತಿ ಅರ್ಥವಾಯಿತು.

ಅತ್ತೆಗೂ ಆಯಿತು. “ಹೌದನ?” ಎಂದು ಅತ್ತೆ ಎಲೆ ಬಾಯಿಗಿಟ್ಟಳು. “ಮಾಸ್ತರು ಹೇಳಿದ್ನ ತಮಾ? ಹಂಗಾರೆ ವಿಚಾರ ಮಾಡೇ ಹೇಳಿರ್ತ. ಓದಿದವ.”

ಎಂಟು ವರ್ಷದ ಸಂಸಾರದಲ್ಲಿ ಅತ್ತೆ ಅಷ್ಟು ಖುಷಿಯಾಗಿದ್ದನ್ನು ಜಯಾ ನೋಡಿರಲಿಲ್ಲ. ಮಾರನೇ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ಅವಳು ಶಾಲೆಯ ಅಂಗಳದಲ್ಲಿದ್ದಳು. ಕೈಯಲ್ಲಿ ಮಂಗನ ಮುಖ.

“ಮಾಸ್ತರೇ, ಆಯಿ ಆಮ್ ಎ ಮಂಕಿ ಹೇಳಿ ಮಾಣಿಗೆ ಕಲಿಸಿದ್ದು ನಿಂಗನಾ?”

“ಹೇಳಿದ್ನ?” ಮಾಸ್ತರ ಮುಖ ಅರಳಿತು. “ಮನೆಲ್ಲಿ ಹೇಳಿದ್ನ?”

“ಅತ್ತೆ ಎದುರಿಗೆ ಹೇಳಿದ್ದ.”

“ಶಾಬಾಸ್!”

“ಎಂತ ಶಾಬಾಸು? ಆಯಿ ಹೇಳಿದ್ರೆ ಯಾರು?”

“ಆಯ್ ಹೇಳಿದ್ರೆ ಆನು,” ಎಂದರು ಮಾಸ್ತರು. ಹವ್ಯಕರ ಮಾತಿನಲ್ಲಿ ಆನು ಎಂದರೆ ನಾನು.

“ನಿಂಗನಾ?”

“ಆನಲ್ದ ತಂಗಿ! ಆನು ಹೇಳಿದ್ರೆ ಆನು. ನೀನು ಹೇಳಿದ್ರೆ ನೀನು. ಅಂವ ಹೇಳಿದ್ರೆ ಅಂವ.”

ಜಯಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಹಂಗಾರೆ ಮಂಗ ಆದದ್ದು ಅಂವನ?”

“ಹಾಂ! ಈಗ ಸಮ ಆತು.”

“ಎನ್ನ ಮಗ ಮಂಗನ?”

“ಅಲ್ದ, ಮುಖವಾಡ ಹಾಕ್ಯಂಡಾಗ ಮಾತ್ರ...”

“ಮುಖವಾಡ ತೆಗೆದ ಮೇಲೂ ಅಂವ ಹಂಗೇ ಹೇಳ್ತಾ ಇದ್ದ. ಎಂಗೆ ಬೆರಳು ತೋರಿಸಿ ಹೇಳ್ತಾ ಇದ್ದ! ಮತ್ತೆ ನಿಂಗಳಿಗೆ ಇಡೀ ಕ್ಲಾಸು ಆಯಿ ಹೇಳಿ ಕರೆಯದು ಎಂತಕ್ಕೆ?”

ಆಗ, ಜೂನ್ ತಿಂಗಳಿನಿಂದ ಮುಚ್ಚಿದ್ದ ಮಾಸ್ತರ ಕಿವಿ ತೆರೆಯಿತು. ಆಯ್. ಆಯಿ. ಒಂದಕ್ಕೆ ಹೋಗ್ಲಾ ಆಯಿ. ಗಂಟೆ ಹೊಡೀರಿ ಆಯಿ. ಅವರು ಧ್ವಜಕಂಬಕ್ಕೆ ಕೈ ಆನಿಸಿ ನಿಂತರು. ಅಷ್ಟು ಹೊತ್ತಿಗೆ ಒಳಗಿನಿಂದ ಅಭಿಜ್ಞಾ ಓಡಿ ಬಂದು, “ಆಯಿ! ತನುಜಾ ಸೀಮೆಸುಣ್ಣ ತಿಂತಾ ಇದ್ದು!” ಎಂದಳು. ಜಯಾ ಕೈಯಲ್ಲಿದ್ದ ಮುಖವಾಡವನ್ನು ಮಾಸ್ತರ ಕೈಗೆ ಕೊಟ್ಟಳು.

“ನಿಂಗಳನ್ನ ಕರೀತಾ ಇದ್ದು, ಹೋಗಿ,” ಎಂದು ಹೊರಟುಹೋದಳು.

ತಿದ್ದಬಹುದಿತ್ತು. ‘ಮಕ್ಕಳೇ, ಇದು ಹೀಗಲ್ಲ, ಹೀಗೆ’ ಎಂದು ಎರಡು ನಿಮಿಷ ಕನ್ನಡದಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕನ್ನಡ ಆಡಬಾರದು ಎಂದು ಪರಿಮಳಾ ಮೇಡಂ ಹೇಳಿದ್ದರಲ್ಲ! ಮಾಸ್ತರು ಇಂಗ್ಲಿಷಿನಲ್ಲೇ ತಿದ್ದಲು ಹೊರಟರು. “ಆಯ್ ನೋ ಆಯಿ! ಆಯ್ ಈಸ್ ಆಯ್!” ಎಂದು ಎದೆ ಬಡಿದುಕೊಂಡರು. ಮಕ್ಕಳು ಪಾಪ, ಆಯಿಗೆ ಎದೆನೋವು ಎಂದುಕೊಂಡು ಅವತ್ತು ಗಲಾಟೆ ಮಾಡಲಿಲ್ಲ. ಆಮೇಲೆ “ಆಯ್ ವಾಂಟ್” ಪಾಠ ಬಂತು. ಬುಟ್ಟಿಯಲ್ಲಿ ಚೆಂಡು, ಮಾವಿನಹಣ್ಣಿನ ಚಿತ್ರ, ನೀರಿನ ಲೋಟ. ಮಾಸ್ತರು “ವಾಟ್ ಡು ಯೂ ವಾಂಟ್?” ಎಂದು ಕೇಳಿದಾಗ “ಆಯ್ ವಾಂಟ್ ಎ ಬಾಲ್” ಎಂದ ಮಗುವಿಗೆ ಉಳಿದವರು ಚೆಂಡು ಕೊಡಬೇಕು. ಯಾರು ಹೇಳಿದರೂ ಮಕ್ಕಳು ಚೆಂಡನ್ನು ತಂದು ಮಾಸ್ತರ ಕೈಗೇ ಕೊಡುತ್ತಿದ್ದವು. ಆಯಿಗೆ ಚೆಂಡು ಬೇಕಂತೆ, ಕೊಡದೆ ಇರಲಿಕ್ಕಾಗುತ್ತದೆಯೇ?

ಇಪ್ಪತ್ತೆಂಟನೇ ತಾರೀಖು ಶನಿವಾರ, ಹೊಸ ಪಾಠ ಹೇಗೆ ನಡೆದಿದೆ ಎಂದು ನೋಡಲು ಪರಿಮಳಾ ಮೇಡಂ ಸ್ವತಃ ಬಂದರು. ಕಿಟಕಿಗಳಲ್ಲಿ ಜಯಾಳ ಸಂಘ ಪೂರ್ತಿ ನೆರೆದಿತ್ತು. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಬೆನ್ನು ಆಗಲೇ ಒದ್ದೆಯಾಗಿತ್ತು.

ಮೇಡಂ ಚಾಪೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ನಗುತ್ತ, ಮಾಸ್ತರ ಕಡೆ ಬೆರಳು ತೋರಿಸಿ ಕೇಳಿದರು: “ಚಿಲ್ಡ್ರನ್, ಹೂ ಈಸ್ ದಿಸ್?”

“ಆಯಿ!” ಆರು ಕಂಠ.

ಮೇಡಂ ನಗು ಸ್ವಲ್ಪ ಸಣ್ಣದಾಯಿತು. ತಮ್ಮ ಎದೆಯ ಮೇಲೆ ಕೈಯಿಟ್ಟು, “ನೋ, ನೋ. ಆಯ್,” ಎಂದರು.

“ನೋ,” ಎಂದ ಚಿರಂತನ, ಬಹಳ ವಿನಯದಿಂದ. ಮಾಸ್ತರನ್ನು ತೋರಿಸಿದ. “ಆಯಿ.”

“ಆಯ್ ಆಮ್ ಪರಿಮಳಾ!”

“ನೋ,” ಎಂದಳು ಸ್ಫೂರ್ತಿ. “ಆಯಿ ಆಮ್ ವಿಘ್ನೇಶ್ವರ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಮೇಡಂಗೆ ಛಲ ಬಂತು. ಬುಟ್ಟಿಯ ಕಡೆ ಕೈ ಚಾಚಿ, ಒಂದೊಂದೇ ಅಕ್ಷರ ಬಿಡಿಸಿ, “ಆಯ್ ವಾಂಟ್ ಎ ಮ್ಯಾಂಗೋ” ಎಂದರು. ಅಭಿಜ್ಞಾ ಎದ್ದು, ಮಾವಿನಹಣ್ಣಿನ ಚಿತ್ರ ತೆಗೆದುಕೊಂಡು, ಮೇಡಂ ಮುಂದಿನಿಂದಲೇ ನಡೆದುಹೋಗಿ ಮಾಸ್ತರ ಕೈಗೆ ಕೊಟ್ಟಳು. ಮೇಡಂ ಎದೆ ತಟ್ಟಿಕೊಂಡು, “ಆಯ್ ವಾಂಟ್ ವಾಟರ್!” ಎಂದರು. ಪ್ರಥಮ ಮೇಡಂಗೆಂದೇ ಮೇಜಿನ ಮೇಲಿಟ್ಟಿದ್ದ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ನಾಜೂಕಾಗಿ ಒಯ್ದು ಮಾಸ್ತರಿಗೆ ಕೊಟ್ಟ. ಮಾಸ್ತರ ಒಂದು ಕೈಯಲ್ಲಿ ಮಾವಿನಹಣ್ಣು, ಒಂದು ಕೈಯಲ್ಲಿ ನೀರು. ಅವರು ನೀರನ್ನು ಗಟಗಟ ಕುಡಿದುಬಿಟ್ಟರು.

“ವಾಟ್ ಈಸ್ ದಿಸ್! ಆಯ್! ಆಯ್ ವಾಂಟ್...” ಮೇಡಂ ಬೆವರು ಒರೆಸಿಕೊಂಡರು. “ರೀ, ನನಗೊಂದು ಟೀ ಆದರೂ ಕೊಡಿಸ್ರೀ. ಆಯ್ ವಾಂಟ್ ಟೀ!”

ಬಾಗಿಲಲ್ಲಿ ಹೊನ್ನಿ ಚಹಾ ಹಿಡಿದು ನಿಂತಿದ್ದಳು. ಮಗಳ ಹತ್ತಿರ ಒಂದು ತಿಂಗಳಿನಿಂದ ಅವಳೂ ಇಂಗ್ಲಿಷ್ ಕಲಿಯುತ್ತಿದ್ದಳು. ನೆಟ್ಟಗೆ ಹೋಗಿ ಚಹಾವನ್ನು ಮಾಸ್ತರ ಮುಂದಿಟ್ಟಳು. “ತಗಳಿ ಮಾಸ್ತರ್ರೆ. ಮೇಡಂ ನಿಮಗೆ ಕೊಡೂಕೆ ಹೇಳ್ತಿದ್ರು.”

ಮೇಡಂ ಎದ್ದು ನಿಂತರು. ಗುರುಶಾಂತವ್ವನವರು ಅಡ್ಡ ಬಂದರು. “ಕೂಡ್ರಿ ಮೇಡಂ, ನಾ ಹೇಳ್ತೀನಿ. ನಮ್ಮ ಕಡೆ ಆಯಿ ಅಂದ್ರ ಅಜ್ಜಿ. ಇವರ ಕಡೆ ಆಯಿ ಅಂದ್ರ ತಾಯಿ. ನಿಮ್ಮ ಪುಸ್ತಕದಾಗ ಆಯ್ ಅಂದ್ರ ನಾನು. ಹುಡುಗರದು ಏನ್ ತಪ್ಪೈತ್ರಿ?”

“ಹಾಗಾದರೆ ಇವರು ಯಾರು?” ಮೇಡಂ ಮಾಸ್ತರ ಕಡೆ ಕೈ ಮಾಡಿದರು.

ಅದು ಮಾಸ್ತರಿಗೇ ಗೊತ್ತಿರಲಿಲ್ಲ.

ಮೇಡಂ ತಪಾಸಣಾ ಪುಸ್ತಕದಲ್ಲಿ ‘ಮಕ್ಕಳಿಗೆ ಸರ್ವನಾಮಗಳ ಪರಿಚಯ ಇಲ್ಲ, ಶಿಕ್ಷಕರಿಗೂ ಅನುಮಾನ’ ಎಂದು ಬರೆದು ಹೋದರು. ಕಿಟಕಿಗಳು ಒಂದೊಂದಾಗಿ ಖಾಲಿಯಾದವು. ಕೊನೆಯ ಕಿಟಕಿಯಲ್ಲಿ ಜಯಾ ಉಳಿದಿದ್ದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದೇ ಮಾಸ್ತರಿಗೆ ಹೆಚ್ಚು ಕಷ್ಟವಾದದ್ದು.

“ಸೋಮವಾರ ವ್ಯಾನು, ಮಾಸ್ತರೇ. ಬೇಜಾರ ಮಾಡ್ಕಳಡಿ.”

ಭಾನುವಾರ ಮಾಸ್ತರು ಊಟ ಮಾಡಲಿಲ್ಲ. ಜೋಯಿಡಾಕ್ಕೆ ಎಷ್ಟು ಹೊತ್ತಿಗೆ ಬಸ್ಸು ಎಂದು ಲಕ್ಷ್ಮಿಯನ್ನು ಎರಡು ಸಲ ಕೇಳಿದರು. ಅವಳು ಈ ಸಲ ತಮಾಷೆ ಮಾಡಲಿಲ್ಲ. “ಅಲ್ಲಿ ಮಕ್ಕ ಕೊಂಕಣಿ ಮಾತಾಡ್ತ್ವಡ. ಅಲ್ಲಾದ್ರೂ ಕನ್ನಡದಲ್ಲಿ ಪಾಠ ಹೇಳಿ” ಎಂದಳು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ವ್ಯಾನಿನ ಹಾರನ್ ಕೇಳಿತು. ಶಾಲೆಗೆ ಹೋಗುವ ದಾರಿ ಆ ತಿರುವಿನ ಮೇಲೆಯೇ. ಬೇರೆ ದಾರಿ ಇದ್ದಿದ್ದರೆ ಮಾಸ್ತರು ಖಂಡಿತ ಅದನ್ನೇ ಹಿಡಿಯುತ್ತಿದ್ದರು. ಸೈಕಲ್ಲು ಹಿಡಿದುಕೊಂಡು, ಛತ್ರಿಯನ್ನು ಮುಖಕ್ಕೆ ಅಡ್ಡ ಮಾಡಿ, ಹೊಲದ ಬದಿಯಿಂದ ದಾಟಿಹೋಗಲು ನೋಡಿದರು.

ವ್ಯಾನಿನ ಬಾಗಿಲು ತೆರೆದಿತ್ತು. ಒಳಗೆ ಪಟ್ಟೆಪಟ್ಟೆ ಸೀರೆಯ ಮಿಸ್ ಒಬ್ಬರು. ಹೊರಗೆ ಚಿರಂತನ. ಕೆಂಪು ಟೈ, ಕರಿ ಬೂಟು, ಬೆನ್ನಿಗಿಂತ ದೊಡ್ಡ ಚೀಲ. ಬಾಗಿಲಿನ ಸರಳನ್ನು ಹಿಡಿದು, ಒಳಗೆ ಹೋಗಲೊಲ್ಲೆ ಎಂದು ಅಳುತ್ತಿದ್ದ. ಜಯಾ ಹಿಂದಿನಿಂದ ನೂಕುತ್ತಿದ್ದಳು. ಸ್ಫೂರ್ತಿ, ಅಭಿಜ್ಞಾ, ಪ್ರಥಮರ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಹಿಡಿದುಕೊಂಡು, ಚಿರಂತನ ಹತ್ತಿದ ಮೇಲೆ ಹತ್ತಿಸುವುದು ಎಂದು ಸಾಲಾಗಿ ಕಾದಿದ್ದರು.

ಮಿಸ್ ಬಗ್ಗಿ, ನಯವಾಗಿ ಕೇಳಿದರು. “ವೈ ಆರ್ ಯೂ ಕ್ರೈಯಿಂಗ್, ಡಿಯರ್? ವಾಟ್ ಡು ಯೂ ವಾಂಟ್?”

ಚಿರಂತನ ಅಳು ನಿಲ್ಲಿಸಿದ. ಈ ಪ್ರಶ್ನೆಯನ್ನು ಅವನು ಎಲ್ಲೋ ಕೇಳಿದ್ದ. ಬುಟ್ಟಿಯ ಮುಂದೆ ಕೂತು ಕೇಳಿದ್ದ. ಸುತ್ತ ಒಮ್ಮೆ ನೋಡಿದ. ಆಯಿ ಪಕ್ಕದಲ್ಲಿ ನಿಂತಿದ್ದಳು. ಹೊಲದ ಬದಿಯಲ್ಲಿ ಛತ್ರಿಯ ಕೆಳಗೆ ಮಾಸ್ತರ ಕಾಲು ಕಾಣುತ್ತಿತ್ತು. ಅವನು ಸರಳು ಬಿಟ್ಟ. ತನ್ನ ಎದೆಗೆ ತಾನೇ, ಟೈ ಮೇಲೆ, ದಬ್ಬೆಂದು ಬಡಿದುಕೊಂಡ.

“ಆಯ್!” ಎಂದ. ಚುಟುಕಾಗಿ, ಸ್ಪಷ್ಟವಾಗಿ. “ಆಯ್ ವಾಂಟ್ ಆ...ಯೀ!”

ಕೊನೆಯ ಶಬ್ದವನ್ನು ಎಳೆದ ಎಳೆತಕ್ಕೆ ಕೇರಿಯ ನಾಯಿ ಎದ್ದು ಕೂತಿತು. ಒಂದು ಕೈ ಜಯಾಳ ಸೆರಗು ಹಿಡಿದಿತ್ತು. ಇನ್ನೊಂದು ಕೈ ಛತ್ರಿಯ ಕಡೆ ಚಾಚಿತ್ತು.

ಮಿಸ್ ಒಬ್ಬರೇ ಚಪ್ಪಾಳೆ ತಟ್ಟಿದರು. “ಅರೆ, ವೆರಿ ಗುಡ್! ಇವನು ಯಾವ ಕಾನ್ವೆಂಟಲ್ಲಿ ಕಲೀತಿದ್ದ? ನಮ್ಮಲ್ಲಿ ಎರಡು ವರ್ಷ ಕಲಿತವರೂ ಕೇಳಿದ್ದಕ್ಕೆ ತಾವಾಗಿ ಒಂದು ವಾಕ್ಯ ಹೇಳೋದಿಲ್ಲ. ಕೊನೇದು ಏನಂದ, ಐಸ್ ಕ್ರೀಮಾ?”

ಜಯಾ ಮಗನನ್ನು ನೋಡಿದಳು. ಒಂದು ವಾಕ್ಯ. ಬಾಯಿಪಾಠ ಅಲ್ಲ. ಸ್ವಂತ ಬುದ್ಧಿಯಿಂದ. ಕರಾರು ಹಾಕಿದವಳು ಅವಳೇ, ಮತ್ತು ಊರ ಹೆಂಗಸರೆಲ್ಲ ಎದುರಿಗೇ ನಿಂತಿದ್ದರು. ಅವಳು ಬಗ್ಗಿ ಮಗನ ಕೊರಳಿನ ಟೈ ಬಿಚ್ಚಿದಳು.

“ಹೋಗಲಿ ಬಿಡಿ ಮಿಸ್,” ಎಂದಳು. “ಇಂವ ಸರ್ಕಾರಿ ಶಾಲೆ ಮಾಣಿ.”

ವ್ಯಾನು ಹಾರನ್ ಹೊಡೆದು ಖಾಲಿ ಹೋಯಿತು. ಮಿಕ್ಕ ಮೂವರು ತಾಯಂದಿರು ಏನೂ ಆಗದವರ ಹಾಗೆ ಮಕ್ಕಳನ್ನು ಶಾಲೆಯ ದಾರಿಗೆ ತಿರುಗಿಸಿದರು. ಜಯಾ ಮಗನ ಕೈ ಹಿಡಿದುಕೊಂಡು ಹೊಲದ ಬದಿಗೆ ಬಂದಳು. ಮಾಸ್ತರು ಛತ್ರಿ ಮಡಚಿದರು.

“ಮಾಸ್ತರೇ, ಖರೆ ಹೇಳಿ. ಅಂವ ಕೇಳಿದ್ದು ಯಾವ ಆಯಿನ?”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮಾಸ್ತರಿಗೆ ಇಷ್ಟು ಕಠಿಣ ಪ್ರಶ್ನೆ ಯಾರೂ ಕೇಳಿರಲಿಲ್ಲ. “ವಾಕ್ಯದಲ್ಲಿ ತಪ್ಪಿಲ್ಲೆ, ತಂಗಿ,” ಎಂದರು.

“ಅದನ್ನ ಕೇಳಿದ್ನಿಲ್ಲೆ ಆನು.” ಜಯಾಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಮಗನ ಕೈಯನ್ನು ಮಾಸ್ತರ ಕೈಯಲ್ಲಿಟ್ಟಳು. “ತಗಳಿ. ನಾಲ್ಕೂವರೆಗೆ ಎಂಗೆ ವಾಪಸ್ ಕೊಡಿ.”

ಅವತ್ತು ಮಾಸ್ತರು ಒಂದು ನಿರ್ಧಾರ ಮಾಡಿಕೊಂಡೇ ಒಂದನೇ ಕ್ಲಾಸಿಗೆ ಕಾಲಿಟ್ಟರು. ಉಚ್ಚಾರ ಗಿಚ್ಚಾರ ಎಲ್ಲ ಸಾಕು, ಇವತ್ತೇ ಕೊನೆ. ಬೋರ್ಡಿನ ಮೇಲೆ ಆ ಹಾಳು ಅಕ್ಷರವನ್ನು ಕಂಬದ ಹಾಗೆ ದೊಡ್ಡದಾಗಿ ಬರೆದು, ಅಪ್ಪಟ ಕನ್ನಡದಲ್ಲಿ, “ಮಕ್ಕಳೇ, ಇದು ಐ. ಬರೀ ಐ. ಐ ಅಂದ್ರೆ ನಾನು” ಎಂದರು.

ಆರು ಮಕ್ಕಳು ಅವರ ಮುಖವನ್ನೇ ನೋಡಿದವು. ಚಿರಂತನ ಎದ್ದು ನಿಂತ. ಎದೆ ಬಡಿದುಕೊಂಡು, ಬಾಯಿ ಪೂರ್ತಿ ತೆರೆದು, ತಾಳ್ಮೆಯಿಂದ ತಿದ್ದಿದ.

“ಐ ಅಲ್ದ, ಆಯಿ. ಆ...ಯ್!”

ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. “ಹೌದು ತಮಾ,” ಎಂದರು. “ಕೂತ್ಕ.”